ದೋಣಿಯಲ್ಲಿ ನಿಂತ ಕುದುರೆ

ಗಿರಾಕಿಯ ಕೋಟಿಗೊಂದು ಗುಂಡಿ ಬೇಕೆಂದು 'ನಾಳೆ ಟೈಲರ್' ಡಬ್ಬಿ ಬೋರಲು ಹಾಕಿದ್ದೇ ತಪ್ಪಾಯಿತು. ಯಾರು ಯಾವ ಬಟ್ಟೆ ಕೇಳಿದರೂ "ನಾಳೆ" ಎಂದು ಎಂದು ಅವನಿಗೆ ಆ ಹೆಸರೇ ನಿಂತಿತ್ತು. ಡಬ್ಬಿಯ ತಳದಿಂದ ಹಿತ್ತಾಳೆಯದೊಂದು ಗುಂಡಿ ಉರುಳಿ ಅವನ ಕಾಲ ಬಳಿ ಬಂದು ಬಿತ್ತು. ಅದರ ಮೇಲೊಂದು ದೋಣಿ, ದೋಣಿಯಲ್ಲೊಂದು ಕುದುರೆ.

"ಗುಂಡಿ ಹಾಗಿರ್ಲಿ, ಇದನ್ನ ನೋಡ್ರಿ," ಗಿರಾಕಿ ಕೋಟಿನ ಜೇಬಿನ ಮೂಲೆ ತೋರಿಸಿದ. "ಈ ತ್ರಿಕೋನದ ಹೊಲಿಗೆ ಎಲ್ಲರದ್ದೂ ನೆಟ್ಟಗಿರುತ್ತೆ. ನಿಮ್ಮದು ಯಾಕೆ ತಲೆಕೆಳಗು?"

"ಗುರುಗಳ ಎದುರಿಗೆ ಕೂತು ಕಲಿತೆ ಸ್ವಾಮಿ. ನನಗೆ ಕಂಡದ್ದೇ ಹಾಗೆ."

ಒಳಗೆ ಅಂಗಿಯ ಗುಂಡಿಗೆ ಕಾಜಾ ಮಾಡುತ್ತಿದ್ದ ಹೆಂಡತಿ ನಕ್ಕಳು. "ರೀ, ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ನಿಮ್ಮ ಹೊಲಿಗೆ ಚೆನ್ನಾಗಿದೆ ಅಂದದ್ದುಂಟಾ?"

ಆ ಒಂದು ಮಾತು ಕೇಳಿ ಸಾಯಬೇಕೆಂಬುದೇ ಟೈಲರನ ಆಸೆ. ಮುಖ ಸಣ್ಣದು ಮಾಡಿಕೊಂಡು ಗುಂಡಿಯನ್ನು ಒರೆಸತೊಡಗಿದ.

ಪಕ್ಕದ ಅಂಗಡಿಯ ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಂದ. "ಇದು ಈಗಿನ ಕಾಲದ್ದಲ್ಲ ಬಿಡಿ!" ಎದುರುಮನೆಯ ಹವಾಲ್ದಾರ್ ತಾತ ಗುಂಡಿ ಕೈಗೆ ಬಂದದ್ದೇ ನೆಟ್ಟಗೆ ನಿಂತರು.

"ಮಿಲಿಟರಿದೇ! ಆದ್ರೆ ಕುದುರೆ ದಂಡಿನವರಿಗೆ ದೋಣಿ ಯಾಕೆ? ದೋಣಿಯವರಿಗೆ ಕುದುರೆ ಯಾಕೆ?"

"ಕುದುರೆಗೆ ಈಜು ಬರ್ತಿರ್ಲಿಲ್ವೇನೋ," ಎಂದ ಗಿರಾಕಿ, ತನ್ನ ಕೋಟನ್ನೇ ಮರೆತು.

ಇನ್ನು ಯಾರಿಗೂ ತಡೆಯಲಾಗಲಿಲ್ಲ. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಎಲ್ಲರೂ ಬೀದಿಯ ಕೊನೆಯ ಮ್ಯೂಸಿಯಮ್ಮಿಗೆ ಹೊರಟರು. ಗಿರಾಕಿ ಕೋಟು ಹೆಗಲಿಗೆ ಹಾಕಿಕೊಂಡೇ ಬಂದ.

ಗುಂಡಿ ಕಂಡು ಅಲ್ಲಿಯ ಅಧಿಕಾರಿಯ ಕನ್ನಡಕ ಮೂಗಿನ ತುದಿಗೆ ಜಾರಿತು. "ಬನ್ನಿ, ಬನ್ನಿ!" ಎಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಒಳಗೊಂದು ಕೆಂಪು ಕೋಟು. ಅದಕ್ಕೆ ಅಂಥವೇ ಐದು ಗುಂಡಿ, ಆರನೆಯ ಜಾಗ ಖಾಲಿ.

"ಪಾಳುಬಂಗಲೆಯಲ್ಲಿ ಸಿಕ್ಕಿದ್ದು. ಇನ್ನೂರು ವರ್ಷವಾದ್ರೂ ಆಗಿರ್ಬೇಕು. ಯಾವ ದಂಡು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹೊಲಿಗೆ ನೋಡಿ, ಇಂಥ ಕೈ ಈಗ ಎಲ್ಲಿದೆ? ಜೇಬಿನ ಮೂಲೆಯ ಈ ತಲೆಕೆಳಗಾದ ತ್ರಿಕೋನವೇ ಆ ದಂಡಿನ ಗುಪ್ತ ಚಿಹ್ನೆ!"

ಟೈಲರ್ ಗಾಜಿಗೆ ಮೂಗು ತಾಗಿಸಿ ನೋಡಿದ. ಎಲ್ಲ ನೆನಪಾಯಿತು. ಹರೆಯದಲ್ಲಿ, ಆ ಬಂಗಲೆಯಲ್ಲಿ ಬೀಡುಬಿಟ್ಟಿದ್ದ ನಾಟಕದ ಕಂಪನಿಯೊಂದಕ್ಕೆ ಹೊಲಿದ ಸೇನಾಪತಿಯ ಕೋಟು! ಸೇನಾಪತಿ ಕುದುರೆಯ ಮೇಲೆ ಬರುತ್ತಾನೋ ದೋಣಿಯಲ್ಲೋ ಎಂದು ಮಾಲೀಕನಿಗೆ ಕೊನೆಯವರೆಗೂ ತೀರ್ಮಾನವಾಗದೆ, ಎರಕದವನು ಗುಂಡಿಯ ಮೇಲೆ ಎರಡನ್ನೂ ಕೂರಿಸಿದ್ದ. ಆರನೆಯದನ್ನು "ನಾಳೆ ಹಾಕ್ತೀನಿ" ಎಂದು ಟೈಲರೇ ಡಬ್ಬಿಗೆ ಎಸೆದಿದ್ದ.

"ಸಾರ್, ಇದನ್ನ ಹೊಲಿದದ್ದು ನಾನೇ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಾಕಿ ಮಾತ್ರ ತನ್ನ ಕೋಟಿನ ಜೇಬನ್ನೂ ಗಾಜಿನೊಳಗಿನ ಜೇಬನ್ನೂ ಮತ್ತೆ ಮತ್ತೆ ನೋಡಿದ. ಟೈಲರನಿಗೆ ಜೀವ ಬಂದಂತಾಯಿತು.

"ಓಹೋ! ಇಲ್ಲಿಂದ ನಕಲು ಹೊಡೆದಿರಾ? ಗುರುಗಳ ಹೆಸರು ಬೇರೆ ಹೇಳ್ತೀರಿ!" ಎಂದ ಗಿರಾಕಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೈಲರನ ಮುಖ ನೋಡಿ ಅಧಿಕಾರಿ ಕನಿಕರದಿಂದ ಗಾಜಿನ ಪೆಟ್ಟಿಗೆ ತೆರೆದರು.

"ಹೋಗ್ಲಿ ಬಿಡಿ. ಗುಂಡಿ ತಂದವರು ನೀವು, ನೀವೇ ಹಾಕಿ."

ಟೈಲರ್ ಕಾಲರಿನಿಂದ ಸೂಜಿ ತೆಗೆದ. ಪಕ್ಕಪಕ್ಕದಲ್ಲಿ ನೋಡಿದರೆ ಒಂದೇ ಕೈ ಎಂದು ಯಾರಿಗಾದರೂ ತಿಳಿಯಲೇಬೇಕು! ಉಸಿರು ಬಿಗಿಹಿಡಿದು, ಜನ್ಮದಲ್ಲಿ ಹೊಲಿಯದಷ್ಟು ಚೆಂದವಾಗಿ ಹೊಲಿದ.

ಅಧಿಕಾರಿ ಬಗ್ಗಿ ಐದನೆಯದನ್ನು ನೋಡಿದರು, ಆರನೆಯದನ್ನು ನೋಡಿದರು, ತಲೆಯಾಡಿಸಿದರು.

"ಹಳೇ ಕೈ ಹಳೇ ಕೈನೇ. ಇದನ್ನ ಬಿಚ್ಚಿಬಿಡಿ, ನಾಳೆ ಯಾರಾದ್ರೂ ಒಳ್ಳೇ ಟೈಲರ್‌ನ ಕರೆಸ್ತೀನಿ."