ಮೈಸೂರಿನಲ್ಲಿ ಕುಚ್ಚಲಕ್ಕಿ ಗಂಜಿ

ಮೈಸೂರಿನ ಅರಮನೆ ಅರಸರದ್ದು, ಒಪ್ಪಿದೆ. ಆನೆ ಅರಸರದ್ದು, ಅಂಬಾರಿ ಅರಸರದ್ದು, ಅದನ್ನೂ ಒಪ್ಪಿದೆ. ಆದರೆ ಸ್ವಾಮಿ, ದಸರಾ ನೋಡಲು ಬರುವ ಆ ಜನಸಾಗರದ ಹೊಟ್ಟೆಗೆ ತಿಂಡಿ ಹಾಕುವವರು ಯಾರು? ನಮ್ಮ ದಕ್ಷಿಣ ಕನ್ನಡದವರು! ಯಾವ ಬೀದಿಗೆ ಬೇಕಾದರೂ ಹೋಗಿ, ಯಾವ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬೇಕಾದರೂ ನಿಂತು, "ಎಂಚ ಉಲ್ಲರ್?" ಎಂದು ತುಳುವಿನಲ್ಲಿ ಕ್ಷೇಮಸಮಾಚಾರ ಕೇಳಿ. ಗಲ್ಲಾದಲ್ಲಿದ್ದವನು ಎದ್ದು ನಿಲ್ಲದಿದ್ದರೆ ನನ್ನ ಹೆಸರು ತೀರ್ಥರಾಮನೇ ಅಲ್ಲ. ಸುಳ್ಯದ ಶಾಲಾ ಮಾಸ್ತರನಾಗಿ ಈ ಮಹಾಸತ್ಯವನ್ನು ಹತ್ತು ವರ್ಷಗಳಿಂದ ಮಕ್ಕಳಿಗೆ ಬೋಧಿಸುತ್ತಾ ಬಂದಿದ್ದೇನೆ. (ಪಾಠಪುಸ್ತಕದಲ್ಲಿ ಇದು ಇಲ್ಲ. ಅದು ಪುಸ್ತಕದ ತಪ್ಪು.)

ನಮ್ಮ ಜಿಲ್ಲೆ ಮದ್ರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇನ್ನು ಮೈಸೂರು ಪರರ ಊರಲ್ಲ ಎಂಬ ಠೀವಿಯಲ್ಲಿ ೧೯೫೭ರ ದಸರಾಕ್ಕೆ ನನ್ನ ಹೆಂಡತಿ ಕುಮುದಿನಿಯನ್ನು ಕರೆದುಕೊಂಡು ಹೊರಟೆ. ಅವಳಿಗೆ ಅರಮನೆಯೂ ಬೇಡ, ಆನೆಯೂ ಬೇಡ. ನೆರೆಮನೆಯ ಸೇವಂತಿ ಹಿಂದಿನ ವರ್ಷ ಮೈಸೂರಿಗೆ ಹೋಗಿ ಮಸಾಲೆ ದೋಸೆ ತಿಂದು ಬಂದಿದ್ದಳು. ಅಂದಿನಿಂದ ಬಾವಿಕಟ್ಟೆಯಲ್ಲಿ ಬೇರೆ ಮಾತೇ ಇರಲಿಲ್ಲ.

"ಈಗಲೇ ಹೇಳ್ತೇನೆ, ಮಸಾಲೆ ದೋಸೆ ತಿನ್ನದೆ ನಾನು ವಾಪಸು ಬಸ್ಸು ಹತ್ತುದಿಲ್ಲ," ಎಂದಳು ಕುಮುದಿನಿ. "ಇಲ್ಲದಿದ್ರೆ ಆ ಸೇವಂತಿಗೆ ಮುಖ ತೋರಿಸ್ಲಿಕ್ಕುಂಟಾ ನನಗೆ?"

"ದೋಸೆ ಎಂತ ದೊಡ್ಡ ಸಂಗತಿ ಮಾರಾಯ್ತಿ! ಅಲ್ಲಿಯ ಹೋಟೆಲೆಲ್ಲ ನಮ್ಮವರದ್ದೇ. ನಾನು ಒಮ್ಮೆ ಬಾಯಿ ತೆರೆದ್ರೆ ಸಾಕು."

ಮೊದಲ ದಿನ ಬೆಳಿಗ್ಗೆಯೇ ಬಾಯಿ ತೆರೆದೆ. ತುಂಬಿ ತುಳುಕುತ್ತಿದ್ದ ಹೋಟೆಲು, ಒಳಗಿನಿಂದ ದೋಸೆ ಹುಯ್ಯುವ ಚುಂಯ್ ಸದ್ದು. ಗಲ್ಲಾದ ಮುಂದೆ ನಿಂತು "ಎಂಚ ಉಲ್ಲರ್?" ಎಂದೆನೋ ಇಲ್ಲವೋ, ಧಣಿ ಸಂಕಪ್ಪಣ್ಣ (ಮೂಲತಃ ನಮ್ಮ ಜಿಲ್ಲೆಯ ಕಡಬದವರು) ಕುರ್ಚಿ ಹಿಂದಕ್ಕೆ ತಳ್ಳಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಇಡೀ ಹೋಟೆಲು ನಮ್ಮನ್ನೇ ನೋಡಿತು. 'ಕಂಡೆಯಾ?' ಎಂಬಂತೆ ಹೆಂಡತಿಯ ಕಡೆ ನೋಡಿ, ಎರಡು ಮಸಾಲೆ ದೋಸೆ ಹೇಳಿದೆ.

ಸಂಕಪ್ಪಣ್ಣನ ಮುಖ ಬಾಡಿತು.

"ಛೆ ಛೆ! ಎಂತ ಮಾತು ಮಾಸ್ಟ್ರೇ? ಊರಿನವರಿಗೆ ಹೋಟೆಲಿನ ತಿಂಡಿ ಕೊಡುದಾ? ಅದೆಲ್ಲ ಈ ಊರಿನವರಿಗೆ. ನಮಗೆ ಅಂತ ಒಳಗೆ ಕುಚ್ಚಲಕ್ಕಿ ಗಂಜಿ ಉಂಟು. ಅಕ್ಕಿ ಕಡಬದಿಂದಲೇ ತರಿಸುದು!"

ಒಳಗೆ ಕರೆದುಕೊಂಡು ಹೋಗಿ ಮಣೆ ಹಾಕಿ ಕೂರಿಸಿದರು. ದೊಡ್ಡ ಬಟ್ಟಲಲ್ಲಿ ಹಬೆಯಾಡುವ ಗಂಜಿ, ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ. ಪಕ್ಕದಲ್ಲೇ ನಿಂತು ಬಡಿಸಿದರು. ನಾನು ಕುಡಿಯುವುದನ್ನು ನೋಡುತ್ತಾ ಅವರ ಕಣ್ಣು ಒದ್ದೆಯಾಯಿತು. ಕುಮುದಿನಿಯ ಕಣ್ಣೂ ಒದ್ದೆಯಾಗಿತ್ತು, ಕಾರಣ ಬೇರೆ.

ಬೀದಿಗೆ ಬಂದದ್ದೇ ಅವಳದು ಶುರುವಾಯಿತು. "ನೂರು ಮೈಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದದ್ದು ಗಂಜಿ ಕುಡಿಲಿಕ್ಕಾ?"

"ಅವರು ಕೊಟ್ಟ ಗೌರವ ನೋಡು!"

"ಗೌರವದ ಒಳಗೆ ಬಟಾಟೆ ಪಲ್ಯ ಉಂಟಾ?"

ಸಂಜೆ ಬೇರೆ ಹೋಟೆಲಿಗೆ ಹೋದೆವು. ಸುಮ್ಮನೆ ಹೋಗಿ ಕೂತಿದ್ದರೆ ಆಗುತ್ತಿತ್ತು. ಆದರೆ ನಮ್ಮವರೆಂದು ಗೊತ್ತಿದ್ದೂ ಮಾತಾಡಿಸದೆ ಇರಲು ನಾನೇನು ಕಲ್ಲೇ? ಧಣಿ ನರಿಮೊಗರಿನ ಅಚ್ಯುತ. ಅಲ್ಲಿಯೂ ಗಂಜಿ, ಜೊತೆಗೆ ಹಲಸಿನ ಹಪ್ಪಳ. (ಪ್ರಗತಿ ಇತ್ತು, ಇಲ್ಲವೆನ್ನಲಾರೆ.) ಮರುದಿನ ಮಧ್ಯಾಹ್ನ ಮಾರುಕಟ್ಟೆಯ ಹತ್ತಿರದ ಚಹಾದಂಗಡಿಯಲ್ಲಿ, ದೋಸೆ ಇಲ್ಲದಿದ್ದರೆ ಬಿಸಿ ಬೋಂಡವಾದರೂ ಆಗಲಿ ಎಂದು ಅವಳು ಕೈ ಚಾಚಿದಳು. ಅಷ್ಟರಲ್ಲಿ ನಾನು ಅಂಗಡಿಯ ಧಣಿ, ನಮ್ಮ ಕಡೆಯ ಪೋಕರ್ ಬ್ಯಾರಿಯೊಡನೆ ಪುತ್ತೂರಿನ ಸಂತೆಯ ಸುದ್ದಿ ತೆಗೆದಾಗಿತ್ತು. ಬೋಂಡ ಅವಳ ಕೈಗೆ ಸಿಗುವ ಮೊದಲೇ ಪೋಕರ್ ಬ್ಯಾರಿಯವರು ತಟ್ಟೆ ಎಳೆದುಕೊಂಡರು. "ಅದು ನಿಮಗಲ್ಲ ತಂಗಿ," ಎಂದು ತಮ್ಮ ಹೆಂಡತಿ ಸಫಿಯಮ್ಮ ಮನೆಯಿಂದ ಕಟ್ಟಿ ಕಳಿಸಿದ್ದ ಅಕ್ಕಿರೊಟ್ಟಿಯನ್ನೇ ಬಿಚ್ಚಿ ಕೊಟ್ಟರು. ಅವರಿಗೆ ಅಂದು ಊಟವಿಲ್ಲ. ಇಂಥ ಜನ ಇನ್ನೆಲ್ಲಿದ್ದಾರೆ ಹೇಳಿ? ನಾನು ಹೆಮ್ಮೆಯಿಂದ ರೊಟ್ಟಿ ತಿಂದೆ.

ಮೂರನೆಯ ದಿನ ಹತ್ತು ಗಂಟೆಗೆ ನಮ್ಮ ಬಸ್ಸು. ಎಂಟಕ್ಕೆ ಕುಮುದಿನಿ ಸೀರೆಯ ಸೆರಗು ಬಿಗಿದು ರಣಕಹಳೆ ಊದಿದಳು.

"ನಿಮ್ಮ ಜೊತೆ ಬಂದ್ರೆ ನನಗೆ ದೋಸೆ ಈ ಜನ್ಮದಲ್ಲಿಲ್ಲ. ನಾನು ಮುಂದೆ ಹೋಗಿ ಹೋಟೆಲಿನ ಹೆಂಗಸರ ಕೋಣೆಯಲ್ಲಿ ಕೂರ್ತೇನೆ. ನೀವು ಸ್ವಲ್ಪ ಕಳೆದು ಬನ್ನಿ. ಒಳಗೆ ನಾನು ಯಾರೋ, ನೀವು ಯಾರೋ. ಬಾಯಿ ಮಾತ್ರ ತೆರಿಬೇಡಿ, ನಿಮ್ಮ ದಮ್ಮಯ್ಯ!"

ಅವಳು ಹೋಗಿ ಪರದೆಯ ಹಿಂದೆ ಕೂತಳು. ನಾನು ಹಿಂದಿನಿಂದ ಹೋಗಿ ಪರದೆಯ ಈಚೆ ಕೂತೆ. ಮಾಣಿ ಬಂದಾಗ ಬಾಯಿ ತೆರೆಯದೆ ಪಕ್ಕದವನ ಮಸಾಲೆ ದೋಸೆಗೆ ಬೆರಳು ತೋರಿಸಿದೆ. ಮುಕ್ಕಾಲು ಗೆದ್ದ ಹಾಗೆಯೇ. ಆಗ ಗಲ್ಲಾದಿಂದ ಧಣಿ ಅಡಿಗೆಯವನನ್ನು ಬೈದರು, ಅಚ್ಚ ತುಳುವಿನಲ್ಲಿ! ಪರ ಊರಲ್ಲಿ ನಮ್ಮ ಬೈಗುಳ ಕೇಳುವ ಸುಖ ನಿಮಗೆ ಗೊತ್ತಿಲ್ಲ ಸ್ವಾಮಿ. ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ.

"ಎಂಚ ಉಲ್ಲರ್?"

ಧಣಿ, ನೆಲ್ಯಾಡಿಯ ಗುರುವಪ್ಪಣ್ಣ, ಓಡಿ ಬಂದರು. ತುಪ್ಪ ಜಿನುಗುವ ನನ್ನ ದೋಸೆ ಮೇಜಿನಿಂದ ಒಂದು ಗೇಣು ದೂರದಲ್ಲಿತ್ತು. ಅದನ್ನು ಮಾಣಿಯ ಕೈಯಿಂದ ಕಿತ್ತುಕೊಂಡು, "ಊರಿನವರಿಗೆ ಇದಾ ಕೊಡುದು? ಪರದೆ ಹಿಂದಿನ ಅಮ್ಮ ಇನ್ನೊಂದು ಕೇಳಿದ್ರಲ್ಲ, ಅವರಿಗೆ ಕೊಡು!" ಎಂದರು. ನನ್ನ ಮುಂದೆ ಗಂಜಿ ಬಂತು.

ತುಪ್ಪದ ಘಮ ಪರದೆಯ ಹಿಂದಿನಿಂದ ಬರುತ್ತಿತ್ತು. ಮಾನ ಬಿಟ್ಟು ಹೇಳಿದೆ: "ಗುರುವಪ್ಪಣ್ಣ, ಅಲ್ಲಿರುದು ನನ್ನ ಹೆಂಡತಿ ಮಾರಾಯ್ರೆ. ಅವಳದ್ದರಲ್ಲಿ ಒಂದು ತುಂಡು..."

ಅವರಿಗೆ ನಂಬಿಕೆಯಾಗಲಿಲ್ಲ. ಪರದೆ ಸರಿಸಿ ಕೇಳಿದರು: "ಅಮ್ಮಾ, ಇವರು ನಿಮ್ಮ ಯಜಮಾನರಂತೆ. ಹೌದಾ?"

ಕುಮುದಿನಿ ಬಾಯಿಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಎರಡೇ ದಿನದಲ್ಲಿ ಎಲ್ಲಿ ಕಲಿತಳೋ, ಅಪ್ಪಟ ಮೈಸೂರು ಕನ್ನಡದಲ್ಲಿ ನುಡಿದಳು:

"ಯಾರೋ ಏನೋ, ನಂಗೊತ್ತಿಲ್ಲ ಕಣ್ರೀ. ನೋಡಿದ್ರೆ ದಕ್ಷಿಣ ಕನ್ನಡದವರ ಥರ ಕಾಣ್ತಾರೆ. ಪಾಪ, ಇನ್ನೊಂದು ಸೌಟು ಗಂಜಿ ಹಾಕಿ."

ನಮ್ಮ ಜಿಲ್ಲೆಯವರ ಧಾರಾಳತನಕ್ಕೆ ಸಾಟಿಯಿಲ್ಲ. ಗುರುವಪ್ಪಣ್ಣ ಎರಡು ಸೌಟು ಹಾಕಿದರು.