ಮಾವ ತಿದ್ದಿದ ಬಾಣ

ಮೇಷ್ಟರ ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಬಾಣ. ಅದು ಹಿಂದಕ್ಕೆ ತಿರುಗಿತ್ತು, ಮಾವ ಅದನ್ನು ನೋಡಿಬಿಟ್ಟರು.

ಅಂದು ಮೇಷ್ಟರ ಪಾಠ ಕೇಳಲು ಪ್ರಿನ್ಸಿಪಾಲರೇ ತರಗತಿಗೆ ಬರುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಹೆಂಡತಿ, ಮಾವನೊಂದಿಗೆ ಗಂಟುಮೂಟೆ ಕಟ್ಟಬೇಕು. ಮ್ಯುವಾನ್ ಎಂಬ ಕಣ ಒಡೆದು ಮೂರಾಗುವುದನ್ನು ಗೆರೆ, ಬಾಣಗಳಲ್ಲಿ ತೋರಿಸುವ ಫೈನ್‌ಮನ್ ಚಿತ್ರವನ್ನು ಅವರು ದೊಡ್ಡ ಹಾಳೆಯಲ್ಲಿ ಬರೆದಿಟ್ಟಿದ್ದರು. ಒಂದು ಗೆರೆ ಬರುತ್ತದೆ, ನಡುವೆ ಪುಟ್ಟದೊಂದು ಅಲೆಗೆರೆ, ಕೊನೆಗೆ ಮೂರು ಗೆರೆ ಹೊರಡುತ್ತವೆ. ಮೂರರಲ್ಲಿ ಒಂದು ಪ್ರತಿಕಣ. ಅದರ ಬಾಣವನ್ನು ಹಿಂದುಮುಂದಾಗಿ ಬರೆಯುವುದೇ ಪದ್ಧತಿ.

ಮಾವನೋ ಆಯುಷ್ಯವೆಲ್ಲ ನಕ್ಷೆ ಬರೆದು ನಿವೃತ್ತರಾದವರು. ತಪ್ಪು ಗೆರೆ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಪೆನ್ಸಿಲಿನಲ್ಲಿ ಬಾಣ ತಿರುಗಿಸಿದರು. ಮೇಷ್ಟರು ಅದನ್ನು ಅಳಿಸಿ, ಹಿಂದಕ್ಕೇ ಇರಬೇಕೆಂದು ಹೇಳಿ ಸ್ನಾನಕ್ಕೆ ಹೋದರು. ಮಾವ ಪಕ್ಕದ ಮನೆಯ ಬಸ್ ಕಂಡಕ್ಟರನ್ನು ಕರೆದು ತೋರಿಸಿದರು. ಎಲ್ಲರೂ ಇಳಿಯುವಾಗ ಒಬ್ಬ ಮಾತ್ರ ಒಳಗೆ ನುಗ್ಗಿದರೆ ಹೇಗೆ ಎಂದು ಅವನೂ ತಲೆ ಕೊಡವಿದ. ಪಾಪ, ಗಡಿಬಿಡಿಯಲ್ಲಿ ಬರೆದಿದ್ದಾನೆ, ದೊಡ್ಡವರ ಮುಂದೆ ನಗೆಪಾಟಲಾಗುತ್ತಾನೆ ಎಂದು ಮಾವನ ಕರುಳು ಚುರುಕ್ ಎಂದಿತು. ಅಳಿಸಲಾಗದ ಶಾಯಿಯಲ್ಲಿ ಬಾಣ ತಿರುಗಿಸಿ, ಹಾಳೆ ಸುತ್ತಿ, ದಾರ ಕಟ್ಟಿ ಅಳಿಯನ ಕೈಗಿತ್ತರು.

ತರಗತಿಯಲ್ಲಿ ಮೇಷ್ಟರು ಹಾಳೆ ಬಿಚ್ಚಿದರೆ ಬಾಣ ಮುಂದಕ್ಕೆ ತಿರುಗಿತ್ತು, ಅದೂ ಶಾಯಿಯಲ್ಲಿ. ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಕನ್ನಡಕ ಏರಿಸುತ್ತಿದ್ದರು. ಬೇರೆ ದಾರಿ ಕಾಣದೆ, ಇದರಲ್ಲೊಂದು ತಪ್ಪಿದೆ, ಹಿಡಿಯಿರಿ ನೋಡೋಣ ಎಂದುಬಿಟ್ಟರು.

ದಿನವೂ ತೂಕಡಿಸುವ ತರಗತಿ ಎದ್ದು ಕೂತಿತು. ವಾದ, ತಕರಾರು, ಹಾಳೆಯ ಮುಂದೆ ನೂಕುನುಗ್ಗಲು. ಕೊನೆಗೆ ಒಬ್ಬಳು ಬಾಣದ ಮೇಲೆ ಬೆರಳಿಟ್ಟಳು. "ಸಾರ್, ಗೆರೆಗಳು ಕೂಡೋ ಕಡೆ ಒಂದು ಬಾಣ ಒಳಗೆ ಬಂದ್ರೆ ಇನ್ನೊಂದು ಹೊರಗೆ ಹೋಗ್ಬೇಕು. ಇಲ್ಲಿ ಎರಡೂ ಹೊರಗೇ ಓಡ್ತಿವೆ."

ಪ್ರಿನ್ಸಿಪಾಲರು ಮೇಷ್ಟರ ಬೆನ್ನು ತಟ್ಟಿದರು. "ಬೇಕಂತ ಮಾಡಿದ ತಪ್ಪು ಅಂತ ಗೊತ್ತೇ ಆಗಲ್ಲ ಕಣ್ರೀ, ಅಷ್ಟು ಸಹಜವಾಗಿದೆ. ಇನ್ನು ಪ್ರತಿ ಪಾಠಕ್ಕೂ ಇಂಥದ್ದೇ ಒಂದು ಚಿತ್ರ ತನ್ನಿ. ಒಂದು ತಿಂಗಳು ನೋಡಿ ಕಾಯಂ ಮಾಡೋಣ."

ಮೇಷ್ಟರು ಬಿಡುವಿನಲ್ಲಿ ತಾವೇ ಒಂದೆರಡು ತಪ್ಪು ಮಾಡಿ ನೋಡಿದರು. ಬೇಕಂತಲೇ ಮಾಡಿದ್ದು ಎದ್ದು ಕಾಣುತ್ತಿತ್ತು. ಇದು ಮಾವನಿಂದ ಮಾತ್ರ ಆಗುವ ಕೆಲಸ ಎಂದು, ಅವರ ಮೇಲೆ ಎಂದಿಲ್ಲದ ಪ್ರೀತಿ ಉಕ್ಕಿ ಮನೆಗೆ ಓಡಿದರು.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು, ಬೆರಳೆಲ್ಲ ಶಾಯಿ.

"ತಪ್ಪಾಯ್ತು ಅಳಿಯಂದ್ರೇ. ನೀವು ಹೊರಟ ಮೇಲೆ ಮಗಳು ನಿಮ್ಮ ಪುಸ್ತಕ ತೆಗೆದು ತೋರಿಸಿದ್ಲು. ಮಧ್ಯಾಹ್ನವೆಲ್ಲ ಕೂತು ಕಲ್ತೆ. ಇನ್ನು ನಾನಿರೋವರೆಗೂ ನಿಮ್ಮ ಒಂದು ಬಾಣವೂ ತಪ್ಪೋದಿಲ್ಲ."

ಮೇಜಿನ ಮೇಲೆ ಮುಂದಿನ ಪಾಠಗಳ ಚಿತ್ರಗಳೆಲ್ಲ ಅಳಿಸಲಾಗದ ಶಾಯಿಯಲ್ಲಿ ಸಿದ್ಧವಾಗಿದ್ದವು. ಮೇಷ್ಟರು ಆಸೆಯಿಂದ ಒಂದೊಂದೇ ಹಾಳೆ ತಿರುವಿದರು. ಎಲ್ಲೂ ಒಂದೂ ತಪ್ಪಿರಲಿಲ್ಲ.

ಮುದುಕರ ಮುಖ ನೋಡಿದರು. ಶಾಯಿ ಮೆತ್ತಿದ ಆ ಕೈಯನ್ನು ಹಿಡಿದುಕೊಂಡು, "ತುಂಬಾ ಚೆನ್ನಾಗಿದೆ ಮಾವ" ಎಂದರು.