ಕಡಲೆ ಹಿಟ್ಟು ಮತ್ತು ದೊರೆಗಳ ಕುರ್ಚಿ

ಮಕ್ಕಳಿಗೆ ಯಾವ ವಿಷಯವನ್ನು ಬೇಕಾದರೂ ತಿಳಿಸಿ ಹೇಳಬಲ್ಲೆ ಎಂಬ ಜಂಬ ನನಗಿತ್ತು. ನಾನು ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಕಾರಕೂನ. ಹಗಲೆಲ್ಲ ಬಿಳಿಯ ಸಾಹೇಬರ ಮುಂದೆ ಕೈಕಟ್ಟಿ ನಿಂತು, ಸಂಜೆ ಊಟಕ್ಕೆ ಕೂತಾಗ ಅವರ ಸಾಮ್ರಾಜ್ಯವನ್ನು ಮಾತಿನಲ್ಲೇ ಉರುಳಿಸುತ್ತೇನೆ. ರೊಟ್ಟಿ ಮುಗಿದು ಅನ್ನ ಬರುವುದರೊಳಗೆ ಅದು ನೆಲ ಕಚ್ಚಿರುತ್ತದೆ. "ಮಜ್ಜಿಗಿ ಹಾಕ್ಲೇನ್ರೀ?" ಎಂದು ಹೆಂಡತಿ ಕೇಳಿದಾಗಲೇ ನನಗೆ ಎಚ್ಚರ. ಇಂಥ ವೀರನಿಗೆ ಆರು ವರ್ಷದ ಮಗಳು ಸುಶೀಲಾ ಮಣ್ಣು ಮುಕ್ಕಿಸಿದಳು.

ನಾನೂ ಅವಳೂ ಧಾರವಾಡಕ್ಕೆ, ನನ್ನ ಅಕ್ಕನ ಮನೆಗೆ ಹೊರಟಿದ್ದೆವು. ಗಾಡಿ ಬರುವುದು ತಡವಾಗಿತ್ತು. ಸ್ಟೇಷನ್ನಿನಲ್ಲಿ ಪರಿಚಯದವರೊಬ್ಬರು ಸಿಕ್ಕರು, ಮಾತಿಗೆ ನಿಂತೆ. ನಾನು ನಿಂತರೆ ಹೊರಡುವ ಗಿರಾಕಿಯಲ್ಲ. ಒಮ್ಮೆ ಹೀಗೇ ಮಾತಾಡುತ್ತ ನಾನು ಹೋಗಬೇಕಾದ ಗಾಡಿಯನ್ನೇ ಬೀಳ್ಕೊಟ್ಟಿದ್ದೇನೆ. ತಿರುಗಿ ನೋಡಿದರೆ ಹುಡುಗಿ ಇಲ್ಲ! ಬಿಳಿಯರಿಗೆಂದೇ ಮೀಸಲಾದ ಕೋಣೆಯಲ್ಲಿ, ಬೆತ್ತದ ಕುರ್ಚಿಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಎದುರಿನ ಕುರ್ಚಿಯಲ್ಲಿ ಅವಳಷ್ಟೇ ವಯಸ್ಸಿನ ಬಿಳಿಯ ಹುಡುಗಿ. ಇಬ್ಬರೂ ನಗುತ್ತಿದ್ದರು. ಆ ಹುಡುಗಿಯ ತಾಯಿ ಮಾತ್ರ ನಗದೆ ಜವಾನನಿಗೆ ಸನ್ನೆ ಮಾಡಿದಳು. ಅವನು ಬಂದು, "ಏಳವ್ವಾ, ಇಲ್ಲಿ ನೀವೆಲ್ಲಾ ಕುಂದ್ರಬಾರದು," ಎಂದು ರಟ್ಟೆ ಹಿಡಿದು ಎಬ್ಬಿಸಿದ. ನಾನೇನು ಮಾಡಿದೆ? ಆ ದೊರೆಸಾನಿಗೆ ಸಲಾಮು ಹೊಡೆದು, ಮಗಳನ್ನು ಎತ್ತಿಕೊಂಡು ಬಂದೆ.

"ಅಪ್ಪಾ, ಆಕಿ ಕುಂತಿದ್ಲು. ನಾ ಯಾಕ ಕುಂದ್ರಬಾರದು?" ಎಂದು ಗಾಡಿಯಲ್ಲಿ ಕೇಳಿದಳು. ಸುತ್ತ ಜನ ಕಿವಿಗೊಟ್ಟಿದ್ದರು. ಸಾಮ್ರಾಜ್ಯ ಉರುಳಿಸಲು ಅದು ತಕ್ಕ ಜಾಗವಲ್ಲ. "ಅವರು ಬೆಳ್ಳಗ ಅದಾರವಾ, ನಾವು ಕರ್ರಗ. ಅಷ್ಟ," ಎಂದೆ. ಅವಳು ಸುಮ್ಮನಾದಳು. ಅಂತೂ ತಿಳಿಯಿತಲ್ಲ ಎಂದು ನಾನು ಸಮಾಧಾನದಿಂದ ನಶ್ಯ ಏರಿಸಿದೆ.

ಮನೆಯಲ್ಲಿ ನಮ್ಮವ್ವ ಪ್ರತಿ ರವಿವಾರ ಮೊಮ್ಮಗಳ ಮೈಗೆ ಕೆನೆ, ಕಡಲೆ ಹಿಟ್ಟು ಹಚ್ಚಿ ತಿಕ್ಕುತ್ತಾಳೆ. "ಹೆಣ್ಣ ಹುಡುಗಿಗೆ ಅಪ್ಪನ ಬಣ್ಣ ಬಂದೈತಿ. ನಾಳೆ ಯಾರು ಲಗ್ನಾ ಮಾಡ್ಕೋಬೇಕು?" ಎಂದು ಗೊಣಗುವುದು ಆ ಸ್ನಾನದ ಮಂತ್ರ. ಅದನ್ನು ಕೇಳಿ ನಾನೂ ನಗುತ್ತಿದ್ದೆ. ನಾವು ಧಾರವಾಡದಿಂದ ಮರಳಿದ ಮರುದಿನ ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ಸುಶೀಲಾ ಬಚ್ಚಲಲ್ಲಿ ಒಬ್ಬಳೇ ಕೂತು ಹಿಟ್ಟಿನಿಂದ ಕೈ ತಿಕ್ಕುತ್ತಿದ್ದಾಳೆ. ಮೊಳಕೈಯ ಚರ್ಮ ಕಿತ್ತು ಕೆಂಪಾಗಿತ್ತು.

"ಸಾಕು ಬಿಡವಾ. ಬಣ್ಣದಾಗ ಏನೂ ಇಲ್ಲ. ಎಲ್ಲಾರೂ ಒಂದ," ಎಂದೆ.

"ಹಂಗಂದ್ರ ಅಜ್ಜಿ ಯಾಕ ತಿಕ್ತಾಳ?"

ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ನನ್ನ ಕೈಯನ್ನು ತನ್ನತ್ತ ಎಳೆದುಕೊಂಡಳು. "ನಿನಗೂ ಹಚ್ತೇನಪಾ. ನಾ ಒಬ್ಬಾಕಿನ ಸ್ಟೇಷನ್ನಿನ ಆ ಖೋಲ್ಯಾಗ ಹೆಂಗ ಕುಂದ್ರಲಿ?"

ನಾನು ಅಂಗಿಯ ತೋಳು ಮಡಚಿ ಕೈ ಚಾಚಿದೆ. ಅಳು ತಡೆಯಲಾಗಲಿಲ್ಲ, ಹಿಟ್ಟು ಕಣ್ಣಿಗೆ ಹೋಯಿತೆಂದು ಹೇಳಿದೆ. ಅವಳು ಊಟಕ್ಕೆ ಎದ್ದು ಹೋದ ಮೇಲೆ ಹಿಟ್ಟು ಹಚ್ಚಿಸಿಕೊಂಡ ಕೈ ತೊಳೆದು, ಇನ್ನೊಂದು ಕೈಯ ಪಕ್ಕ ಹಿಡಿದು, ದೀಪದ ಬೆಳಕಿನಲ್ಲಿ ನೋಡಿದೆ. ಯಾಕೆ ನೋಡಿದೆ ಎಂದು ಮಾತ್ರ ಕೇಳಬೇಡಿ.